ಐದು ಟ್ರಂಕಿನ ದೇಶ

ಗುಮಾಸ್ತ: ಈ ಚಡ್ಡಿ ಬೇಡ ಸ್ವಾಮಿ. ಇದು ನಮ್ಮ ಕಡೆಯದೇ ಅಲ್ಲ.

ಯಜಮಾನ: ನೀವು ಕೇಳಿದ್ದು ಬೆಟ್ಟದ ಸೀಮೆ ತಾನೇ? ಬೆಟ್ಟದ ಸೀಮೆ ಟ್ರಂಕಿನಿಂದಲೇ ತೆಗೆದುಕೊಟ್ಟಿದ್ದೀನಿ.

ಗುಮಾಸ್ತ: ಟ್ರಂಕು ಬೆಟ್ಟದ್ದೇ ಇರಬಹುದು. ಚಡ್ಡಿ ಅಲ್ಲ. ನಮ್ಮಲ್ಲಿ ಹಿಮ ಬೀಳುತ್ತೆ. ಮೊಣಕಾಲು ಬಿಟ್ಕೊಂಡು ಯಾರೂ ಓಡಾಡೋದಿಲ್ಲ.

ಯಜಮಾನ: ಅದಕ್ಕೇ ಮೇಲೆ ಉಣ್ಣೆ ಕೋಟು ಕೊಟ್ಟಿಲ್ವಾ?

ಗುಮಾಸ್ತ: ಚಳಿ ಸೊಂಟದ ತನಕ ಬಂದು, ಇನ್ನು ಕೆಳಗಿಳಿಯೋದು ಮರ್ಯಾದೆಯಲ್ಲ ಅಂತ ನಿಂತುಬಿಡುತ್ತಾ?

ಯಜಮಾನ: ನಿಮ್ಮವರಿಗೆ ಚಳಿ ಆಗೋದಿಲ್ಲ. ಬೆಟ್ಟದ ಸೀಮೆಯವರೇ ಹೀಗೆ.

ದೇಶ ದೊಡ್ಡದು. ಒಂದು ತುದಿಯಲ್ಲಿ ರೈಲು ಹತ್ತಿದವನು ಇನ್ನೊಂದು ತುದಿಯಲ್ಲಿ ಇಳಿಯುವಷ್ಟರಲ್ಲಿ ಗಡ್ಡ ಬಂದಿರುತ್ತದೆ. ಯಜಮಾನರಿಗೆ ಮಾತ್ರ ಇಡೀ ದೇಶ ಕೂತಲ್ಲಿಂದ ಕೈಗೆ ಸಿಗುತ್ತದೆ. ವೇಷಭೂಷಣ ಬಾಡಿಗೆಗೆ ಕೊಡುವ ಅವರ ಅಂಗಡಿಯ ಎಡಗೋಡೆಗೆ ಐದು ತಗಡಿನ ಟ್ರಂಕುಗಳಿವೆ. ಬೆಟ್ಟ, ಮರಳು, ಕಡಲು, ಕಾಡು, ತಗ್ಗು ಎಂಬ ಐದು ಸೀಮೆಗಳೂ ಅವುಗಳೊಳಗೆ ನುಸಿಗುಳಿಗೆಯ ವಾಸನೆಯಲ್ಲಿ ಒಗ್ಗಟ್ಟಾಗಿ ಮಲಗಿವೆ. ಶಾಲೆಯವರಾಗಲಿ ಕಚೇರಿಯವರಾಗಲಿ, ದೇಶವನ್ನು ವೇದಿಕೆಯ ಮೇಲೆ ನಿಲ್ಲಿಸಬೇಕೆಂದವರು ಇಲ್ಲಿಗೇ ಬರಬೇಕು. ಸ್ವತಃ ಯಜಮಾನರು ಊರಾಚೆಯ ಸೇತುವೆ ದಾಟಿದವರಲ್ಲ. ದಾಟಿದರೆ ಅನುಮಾನಗಳು ಶುರುವಾಗುತ್ತವೆ. ಅನುಮಾನ ಬಂದವನು ಈ ವ್ಯಾಪಾರ ಮಾಡಲಾರ.

ಎದುರಿಗೆ ನಿಂತವನು ಸರ್ಕಾರಿ ಕಚೇರಿಯ ಗುಮಾಸ್ತ, ಬೆಟ್ಟದ ಸೀಮೆಯಲ್ಲೇ ಹುಟ್ಟಿ ಬೆಳೆದವನು. ಹುಟ್ಟಿ ಬೆಳೆಯುವುದೂ ಒಂದು ಅರ್ಹತೆಯೆಂದು ಯಜಮಾನರು ಒಪ್ಪಲು ತಯಾರಿರಲಿಲ್ಲ. ಬಾಗಿಲ ಪಕ್ಕದ ಮೂಲೆಯ ಹೊಲಿಗೆ ಯಂತ್ರದ ಮುಂದೆ ಅವರ ಹೆಂಡತಿ ಕೂತು ಯಾವುದೋ ರಾಜನ ಹರಿದ ತೋಳಿಗೆ ತೇಪೆ ಹಾಕುತ್ತಿದ್ದರು. ಆಕೆ ತಗ್ಗುಸೀಮೆಯಿಂದ ಮದುವೆಯಾಗಿ ಬಂದವರು. ಗಂಡನ ಮಾತು ಮುಗಿಯುವವರೆಗೆ ಯಂತ್ರ ತುಳಿಯುವುದು, ಮುಗಿದ ಮೇಲೆ ನಿಲ್ಲಿಸಿ ಒಂದು ಮಾತು ಆಡುವುದು ಆಕೆಯ ಪದ್ಧತಿ.

ಯಜಮಾನ: ನೀವು ಯಾವಾಗಿನಿಂದ ಬೆಟ್ಟದವರು?

ಗುಮಾಸ್ತ: ಹುಟ್ಟಿದಾಗಿನಿಂದ.

ಯಜಮಾನ: ನೀವು ಹುಟ್ಟೋದಕ್ಕೆ ಮುಂಚಿನಿಂದ ನಾನು ಬೆಟ್ಟದ ಸೀಮೆ ಬಾಡಿಗೆಗೆ ಕೊಡ್ತಿದ್ದೀನಿ. ಈಗ ಹೇಳಿ, ಯಾರಿಗೆ ಅನುಭವ ಜಾಸ್ತಿ?

ಗುಮಾಸ್ತ: ಸರಿ, ಈ ಟೋಪಿಗೆ ಬಾಲ ಯಾಕಿದೆ?

ಯಜಮಾನ: ನರಿ ಬಾಲ ಅದು. ನೀವು ನರಿ ಬೇಟೆ ಆಡ್ತೀರಲ್ಲ.

ಗುಮಾಸ್ತ: ನಮ್ಮಪ್ಪ ಅಂಚೆ ಕಚೇರಿಯಲ್ಲಿದ್ರು.

ಯಜಮಾನ: ರಜಾ ದಿನ ಆಡ್ತಿದ್ರೇನೋ.

ಯಂತ್ರ ನಿಂತಿತು.

ಹೆಂಡತಿ: ರೀ, ಅದು ನರಿದಲ್ಲ. ನಮ್ಮನೆ ಧೂಳು ಹೊಡೆಯೋ ಕುಚ್ಚು. ಅಲ್ಲಿಗೆ ಹೋಯ್ತಾ ಅದು? ನಾನು ಎಷ್ಟೋ ವರ್ಷದಿಂದ ಅಟ್ಟದ ಮೇಲೆಲ್ಲ ಹುಡುಕ್ತಿದ್ದೆ.

ಯಜಮಾನರು ಕೇಳಿಸದವರಂತೆ ಟೋಪಿಯನ್ನು ಕೊಡವಿ, ಹಾಗಾದರೆ ನಿಮ್ಮವರು ಏನು ಹಾಕಿಕೊಳ್ಳುತ್ತಾರೋ ಅದನ್ನಾದರೂ ಹೇಳಿ ಎಂದು ಸವಾಲು ಹಾಕಿದರು. ಬೂದು ಬಣ್ಣದ ಪ್ಯಾಂಟು, ಪಕ್ಕಕ್ಕೆ ಗುಂಡಿಯಿರುವ ಉದ್ದ ಕೋಟು, ಅಷ್ಟೇ ಎಂದ ಗುಮಾಸ್ತ. ಯಜಮಾನರು ಅವನನ್ನು ಕರುಣೆಯಿಂದ ನೋಡಿದರು.

ಯಜಮಾನ: ಅದು ಬಟ್ಟೆ ಕಣ್ರೀ. ವೇಷ ಅಲ್ಲ. ವೇಷ ಅಂದ್ರೆ ಕೊನೇ ಸಾಲಲ್ಲಿ ಕೂತು ತೂಕಡಿಸ್ತಿರೋನಿಗೂ ಇವನು ಎಲ್ಲಿಯವನು ಅಂತ ಗೊತ್ತಾಗಬೇಕು. ಇದ್ದದ್ದನ್ನ ಎರಡು ಪಟ್ಟು ಮಾಡು, ಇಲ್ಲದ್ದನ್ನ ಸೇರಿಸು. ಇದು ನಮ್ಮಪ್ಪ ಹೇಳಿಕೊಟ್ಟ ವಿದ್ಯೆ.

ಗುಮಾಸ್ತ: ಮತ್ತೆ ನಿಜ?

ಯಜಮಾನ: ನಿಜ ಬೇಕಾದವರು ವೇಷದ ಅಂಗಡಿಗೆ ಯಾಕೆ ಬರ್ತಾರೆ?

ಮಾತಿನಲ್ಲಿ ಗೆದ್ದ ಉತ್ಸಾಹದಲ್ಲಿ ಯಜಮಾನರು ಕಪಾಟಿನಿಂದ ಶಾಲೆಯ ಪಾಠಪುಸ್ತಕವೊಂದನ್ನು ಎಳೆದು ಅವನ ಮೂಗಿನ ಮುಂದೆ ಹಿಡಿದರು. ‘ನಮ್ಮ ದೇಶದ ಸೀಮೆಗಳು’ ಎಂಬ ಪಾಠದಲ್ಲಿ ಬೆಟ್ಟದವನ ಬಣ್ಣದ ಚಿತ್ರವಿತ್ತು. ಉಣ್ಣೆ ಕೋಟು, ಬಾಲದ ಟೋಪಿ, ಕೈಯಲ್ಲಿ ಕೊಡಲಿ, ಕೆಳಗೆ ಅದೇ ಚಡ್ಡಿ. ಹಿಂದೆ ಹಿಮದ ಬೆಟ್ಟ.

ಯಜಮಾನ: ನೋಡಿ. ಅಚ್ಚಾಗಿದೆ. ನಾನು ಸುಳ್ಳು, ನಮ್ಮಪ್ಪ ಸುಳ್ಳು, ಪುಸ್ತಕಾನೂ ಸುಳ್ಳಾ?

ಗುಮಾಸ್ತ: ಇದನ್ನ ಬರೆದವನು ಒಂದು ಸಲವಾದ್ರೂ ಬೆಟ್ಟಕ್ಕೆ ಬಂದಿದ್ನಾ?

ಹೆಂಡತಿ: ಎಲ್ಲಿಗೂ ಹೋಗಿರಲಿಲ್ಲ ಪಾಪ. ಚಿತ್ರ ಬರೆಯೋನು ಅದೇ ಸ್ಟೂಲಿನ ಮೇಲೆ ಕೂತು, ಇದೇ ಟ್ರಂಕು ತೆಗೆಸಿ ನೋಡ್ಕೊಂಡು ಬರೆದ. ಎರಡು ಸಲ ಚಹಾನೂ ಕುಡಿದ. ಬೆಟ್ಟ ಮಾತ್ರ ಸ್ವಂತದ್ದು.

ಯಜಮಾನ: ನೀನು ಹೊಲಿ.

ಹೆಂಡತಿ: ಚಡ್ಡಿ ವಿಷಯ ಹೇಳಿ ಹೊಲೀತೀನಿ. ಬೆಟ್ಟದ ಟ್ರಂಕಲ್ಲಿ ಮೊದಲು ಪ್ಯಾಂಟೇ ಇತ್ತು ಕಣಪ್ಪ. ಇಲಿ ತಿಂತು. ಮಾರನೇ ದಿನ ಒಂದು ಶಾಲೆಯವರು ಬಾಗಿಲಿಗೆ ಬಂದು ನಿಂತಿದ್ರು. ಇವರು ತಗ್ಗುಸೀಮೆ ಟ್ರಂಕಿಂದ ನಮ್ಮವರ ಚಡ್ಡಿ ಎತ್ತಿ ಅದರಲ್ಲಿಟ್ರು. ನಮ್ಮದು ಕೆಸರು ನೆಲ, ಚಡ್ಡಿ ಹಾಕ್ಕೊಂಡೇ ಗದ್ದೆಗಿಳೀತಾರೆ. ಆವತ್ತಿನಿಂದ ನಿಮ್ಮವರು ಹಿಮದಲ್ಲಿ ಮೊಣಕಾಲು ಬಿಟ್ಕೊಂಡು ನಿಂತಿದ್ದಾರೆ.

ಗುಮಾಸ್ತ: ಅಂದ್ರೆ ಒಂದು ಇಲಿ ತಿಂದದ್ದಕ್ಕೆ ಇಡೀ ದೇಶ ನಮ್ಮನ್ನ ಹೀಗೆ ತಿಳ್ಕೊಂಡಿದೆ.

ಯಜಮಾನ: ಒಂದಲ್ಲ, ತುಂಬ ಇಲಿಗಳಿದ್ವು.

ಇಲಿಗಳ ಸಂಖ್ಯೆ ಹೆಚ್ಚಾದರೆ ತಮ್ಮ ತಪ್ಪು ಕಡಿಮೆಯಾಗುತ್ತದೆಂದು ಯಜಮಾನರು ಪ್ರಾಮಾಣಿಕವಾಗಿ ನಂಬಿದ್ದರು. ಹೆಂಡತಿಯ ಕಡೆ ತಿರುಗಿ, ತಗ್ಗುಸೀಮೆಯವರೇ ಹೀಗೆ, ಗಿರಾಕಿಯ ಮುಂದೆ ಮನೆಯ ಗುಟ್ಟು ಬಿಚ್ಚುತ್ತಾರೆ ಎಂದು ಗೊಣಗಿದರು.

ಹೆಂಡತಿ: ತಗ್ಗುಸೀಮೆಯವರು ಹೇಗೆ ಅನ್ನೋದು ನಿಮ್ಮ ಟ್ರಂಕಿಗೆ ಗೊತ್ತು, ನನಗೆಲ್ಲಿ ಗೊತ್ತು? ತಲೆ ಮೇಲೆ ಮೀನಿನ ಬುಟ್ಟಿ, ಸೊಂಟದ ಮೇಲೆ ಕೈ, ಮುಖದ ತುಂಬ ಸಿಟ್ಟು. ನಮ್ಮಪ್ಪ ಗಡಿಯಾರ ರಿಪೇರಿ ಮಾಡ್ತಿದ್ರು. ನಾನು ಮದುವೆಯಾಗಿ ಬಂದ ದಿನ ನಿಮ್ಮಮ್ಮ ಬಾಗಿಲಲ್ಲೇ ನಿಲ್ಲಿಸಿ ಬುಟ್ಟಿ ಎಲ್ಲಮ್ಮ ಅಂತ ಕೇಳಿದ್ರು.

ಯಜಮಾನ: ಬುಟ್ಟಿ ಇಲ್ಲದಿದ್ರೂ ಉಳಿದ ಎರಡು ಇತ್ತಲ್ಲ.

ಗುಮಾಸ್ತನಿಗೆ ನಗು ಬರಲಿಲ್ಲ. ಅವನು ಚಿತ್ರಗಾರ ಕೂತಿದ್ದ ಅದೇ ಸ್ಟೂಲಿನ ಮೇಲೆ ಕೂತು, ಚಡ್ಡಿಯನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ಕಷ್ಟ ಹೇಳಿಕೊಂಡ.

ನಾಳೆ ಅವನ ಕಚೇರಿಗೆ ಮುಖ್ಯ ಕಚೇರಿಯ ದೊಡ್ಡ ಸಾಹೇಬರು ಬರುತ್ತಾರೆ. ನೌಕರರು ತಂತಮ್ಮ ಸೀಮೆಯ ವೇಷದಲ್ಲಿ ಸಾಲಾಗಿ ನಿಲ್ಲಬೇಕು. ಸಾಹೇಬರು ಸಾಲು ನೋಡಿಕೊಂಡು ಬಂದು, ಅಲ್ಲೇ ನಿಂತು ವರ್ಗಾವಣೆ ಅರ್ಜಿಗಳಿಗೆ ಸಹಿ ಹಾಕುತ್ತಾರೆ, ಅಥವಾ ಹಾಕುವುದಿಲ್ಲ. ಕಳೆದ ವರ್ಷ ಕಡಲಸೀಮೆಯವನೊಬ್ಬ ಸಾದಾ ಅಂಗಿಯಲ್ಲಿ ಹೋಗಿ ನಿಂತ. ‘ನೀನು ನಮ್ಮವನ ಹಾಗೇ ಇದ್ದೀಯಲ್ಲಯ್ಯಾ, ಊರಿಗೆ ಹೋಗಿ ಏನು ಮಾಡ್ತೀಯ?’ ಎಂದು ಬೆನ್ನು ತಟ್ಟಿ ಅರ್ಜಿ ಹಿಂದಕ್ಕೆ ಕೊಟ್ಟರು. ಮರಳುಸೀಮೆಯವನು ಇದೇ ಅಂಗಡಿಯ ಚಾಟಿ, ಮುಂಡಾಸು, ಮಸಿಯ ಮೀಸೆಯಲ್ಲಿ ನಿಂತ. ಅಯ್ಯೋ ಪಾಪ, ಇವನಿಗೆ ಇಲ್ಲಿ ಒಗ್ಗುವುದಿಲ್ಲ ಎಂದು ಕೂಡಲೇ ಸಹಿ ಹಾಕಿ ಕಳಿಸಿದರು.

ಯಜಮಾನ: ನೋಡಿದಿರಾ? ನಮ್ಮ ಚಾಟಿ ಒಂದು ಸಂಸಾರ ಒಂದು ಮಾಡಿತು. ನೀವು ಚಡ್ಡಿಗೆ ಅಳ್ತಿದ್ದೀರಿ.

ಗುಮಾಸ್ತ: ನನಗೂ ಊರಿಗೆ ಹೋಗಬೇಕು ಸ್ವಾಮಿ. ಮಗಳು ಹುಟ್ಟಿದಾಳೆ, ಇನ್ನೂ ಮುಖ ನೋಡಿಲ್ಲ. ಹಲ್ಲು ಬಂದಿದೆ ಅಂತ ಹೆಂಡತಿ ಫೋನಲ್ಲಿ ಹೇಳ್ತಾಳೆ. ಹಲ್ಲು ಫೋನಲ್ಲಿ ಕೇಳಿಸೋದಿಲ್ಲ.

ಹೆಂಡತಿ: ಮತ್ತೆ ಹಾಕ್ಕೊಂಡು ನಿಂತುಬಿಡಪ್ಪ. ಒಂದು ಬೆಳಿಗ್ಗೆ ತಾನೇ.

ಗುಮಾಸ್ತ: ಫೋಟೋ ತೆಗೀತಾರೆ ಅಕ್ಕಾ. ಅದನ್ನ ಎಲ್ಲ ಸೀಮೆ ಕಚೇರಿಗಳಲ್ಲೂ ಗೋಡೆಗೆ ಹಾಕ್ತಾರೆ. ಬೆಟ್ಟದ ಕಚೇರಿಯಲ್ಲಿ ಜವಾನನಾಗಿರೋರು ನಮ್ಮ ಮಾವ. ಮೊಳೆ ಹೊಡೆಯೋರೇ ಅವರು. ಮಗಳನ್ನ ಕೊಡುವಾಗ ಒಂದೇ ಮಾತು ಹೇಳಿದ್ರು. ಕೆಳಗೆ ಹೋಗಿ ಏನಾದ್ರೂ ಆಗು, ಅವರ ಕೋಡಂಗಿ ಮಾತ್ರ ಆಗಬೇಡ ಅಂತ.

ಹೆಂಡತಿ ರಾಜನ ತೋಳನ್ನು ಪಕ್ಕಕ್ಕಿಟ್ಟರು. ಆ ದೊಡ್ಡ ಸಾಹೇಬರ ಮನೆ ಎಲ್ಲಿ ಎಂದು ಕೇಳಿದರು. ಇದೇ ಪೇಟೆಯಲ್ಲೇ ಎಂದ ಗುಮಾಸ್ತ. ಆಕೆ ಹೌದೇನೋ ಎಂಬಂತೆ ತಲೆಯಾಡಿಸಿ, ಮತ್ತೆ ಏನೂ ಕೇಳಲಿಲ್ಲ.

ಹೊರಡುವ ಮುಂಚೆ ಗುಮಾಸ್ತನಿಗೆ ಇನ್ನೊಂದು ಕೆಲಸ ನೆನಪಾಯಿತು. ನಡುಸೀಮೆಯ ವೇಷವೂ ಒಂದು ಬೇಕೆಂದು ಹೆಡ್ ಗುಮಾಸ್ತರು ಹೇಳಿ ಕಳಿಸಿದ್ದರು. ಈ ಊರು ಇರುವುದು ನಡುಸೀಮೆಯಲ್ಲಿ. ಯಜಮಾನರು, ಅವರಪ್ಪ, ಅವರಜ್ಜ, ಎಲ್ಲರೂ ನಡುಸೀಮೆಯವರೇ.

ಯಜಮಾನ: ನಡುಸೀಮೆಗೆಂಥ ವೇಷ?

ಗುಮಾಸ್ತ: ಎಲ್ಲ ಸೀಮೆಗೂ ಇದೆಯಲ್ಲ.

ಯಜಮಾನ: ಅವು ಸೀಮೆಗಳು. ನಮ್ಮದು ದೇಶ. ಸೀಮೆ ಅಂದ್ರೆ ದೂರ ಇರೋದು. ನಾವು ದೂರ ಇಲ್ಲ, ಇಲ್ಲೇ ಇದ್ದೀವಿ. ನಾವು ಕುರ್ಚಿ ಮೇಲೆ ಕೂತು ನೋಡೋರು.

ಗುಮಾಸ್ತ: ನಮ್ಮ ಕಚೇರಿಯ ನಡುಸೀಮೆಯವರೂ ಇದೇ ಹೇಳಿದ್ರು. ಯಾರೂ ನಿಲ್ಲೋಕೆ ಒಪ್ಪಲಿಲ್ಲ. ಕಚೇರಿ ಹೊರಗಿನವರು ಯಾರಾದ್ರೂ ಸಿಕ್ಕಿದ್ರೂ ಸರಿ ಅಂದಿದ್ದಾರೆ. ಇಲ್ಲದಿದ್ರೆ ಫೋಟೋದಲ್ಲಿ ನಡು ಜಾಗ ಖಾಲಿ ಬಿಡ್ತಾರಂತೆ.

ಯಜಮಾನ: ಖಾಲಿ? ಸುತ್ತ ಐದು ಸೀಮೆ, ನಡುವೆ ಗೋಡೆ ಕಾಣಬೇಕಾ? ನಡುವೇ ಇಲ್ಲದ ದೇಶ ಎಲ್ಲಾದ್ರೂ ಉಂಟಾ?

ಹೆಂಡತಿ: ಹಾಗಾದ್ರೆ ನೀವೇ ಹೋಗಿ ನಿಲ್ಲಿ. ದೇಶದ ಗೋಡೆಗಳ ಮೇಲೆಲ್ಲ ನಿಮ್ಮ ಮುಖ ಇರುತ್ತೆ. ಊರವರಿಗೆಲ್ಲ ವೇಷ ಹಾಕಿದ್ರಿ, ಒಂದು ಫೋಟೋದಲ್ಲಾದ್ರೂ ನಿಂತಿದ್ದೀರಾ?

ಯಜಮಾನರು ಒಡೆದ ಕನ್ನಡಿಯ ಕಡೆ ಒಂದು ಸಲ ನೋಡಿದರು. ಬೇಡ ಎಂದರು. ಮತ್ತೆ ನೋಡಿದರು. ಹೆಂಡತಿಯ ಯೋಚನೆ ಅಷ್ಟರಲ್ಲಿ ಮುಂದೆ ಹೋಗಿತ್ತು.

ಹೆಂಡತಿ: ನೋಡಪ್ಪ, ನೀನು ನಿನ್ನ ಬೂದು ಕೋಟಲ್ಲೇ ನಿಲ್ಲು, ನಿಮ್ಮ ಮಾವನಿಗೆ ಅದು ಸರಿ. ಪಕ್ಕದಲ್ಲಿ ಇವರು ನಡುಸೀಮೆಯವರ ವೇಷದಲ್ಲಿ ನಿಲ್ಲಲಿ. ನಡುಸೀಮೆಯವನು ಹೀಗಿರ್ತಾನೆ ಅಂತ ಕಣ್ಣಿಗೆ ಕಂಡ ಮೇಲೆ ನಿನ್ನನ್ನ ನಮ್ಮವನ ಹಾಗೇ ಇದ್ದೀಯ ಅನ್ನೋಕೆ ಸಾಹೇಬರಿಗೆ ಬಾಯಿ ಬರೋದಿಲ್ಲ.

ಗುಮಾಸ್ತನ ಮುಖಕ್ಕೆ ಆಗ ಜೀವ ಬಂತು. ಆದರೆ ವೇಷ ಯಾವುದು ಎಂದ. ಹೆಂಡತಿ ಅಟ್ಟದಿಂದ ಒಂದು ಖಾಲಿ ಟ್ರಂಕು ಇಳಿಸಿದರು. ಅದನ್ನು ತುಂಬಲು ಆಕೆಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಇಷ್ಟು ವರ್ಷ ಅಂಗಡಿಯ ಬಾಗಿಲಲ್ಲಿ ಕೂತು ಬೀದಿ ನೋಡಿದವರು. ಎಂದೂ ಬಿಚ್ಚದ ಛತ್ರಿ, ಕಂಕುಳಲ್ಲಿಡುವುದಕ್ಕೆ. ಮಡಚಿದ ಪೇಪರು, ಓದುವುದಕ್ಕಲ್ಲ, ಬೀಸಿ ಬೀಸಿ ಬುದ್ಧಿ ಹೇಳುವುದಕ್ಕೆ. ಹಣೆಯ ಮೇಲೆ ಏರಿಸಿದ ಕನ್ನಡಕ. ಜೇಬಿನಲ್ಲಿ ಪೆನ್ನು, ಸೊಂಟದಲ್ಲಿ ಬೀಗದ ಕೈ ಗೊಂಚಲು.

ಯಜಮಾನ: ನಾವೇನು ಹೀಗಿರ್ತೀವಾ?

ಹೆಂಡತಿ: ಇದ್ದದ್ದನ್ನ ಎರಡು ಪಟ್ಟು ಮಾಡು, ಇಲ್ಲದ್ದನ್ನ ಸೇರಿಸು. ನಿಮ್ಮಪ್ಪ ಹೇಳಿಕೊಟ್ಟದ್ದಲ್ವಾ?

ಹಾಗೆ ಛತ್ರಿ ಎರಡಾಯಿತು. ಪೆನ್ನುಗಳು ಜೇಬಿನ ಉದ್ದಕ್ಕೂ ಸಾಲು ನಿಂತವು. ಕನ್ನಡಕ ರಟ್ಟಿನದಾಗಿ ತಟ್ಟೆಯಷ್ಟು ಅಗಲವಾಯಿತು. ನಾಟಕದ ಜೈಲರನ ಬೀಗದ ಕೈಗಳು ಬಂದವು. ಹೊಟ್ಟೆ ಇದ್ದೇ ಇದೆಯಲ್ಲ ಎಂದು ಗುಮಾಸ್ತ ಅಂದರೂ ಆಕೆ ಬಿಡಲಿಲ್ಲ. ಕೊನೇ ಸಾಲಿನವನಿಗೆ ಕಾಣಬೇಕೆಂದು ಅಂಗಿಯೊಳಗೆ ಒಂದು ದಿಂಬು ತುರುಕಿದರು.

ಯಜಮಾನ: ಇದು ಅನ್ಯಾಯ. ನಮ್ಮಲ್ಲಿ ತೆಳ್ಳಗಿರೋರೂ ಇದ್ದಾರೆ. ಸುಮ್ಮನಿರೋರೂ ಇದ್ದಾರೆ. ಒಬ್ಬೊಬ್ಬರು ಒಂದೊಂದು ಥರ ಇರ್ತಾರೆ.

ಗುಮಾಸ್ತ: ಅದು ಜನ ಕಣ್ರೀ. ವೇಷ ಅಲ್ಲ.

ಹೆಂಡತಿ: ಗದ್ದ ಮೇಲೆತ್ತಿ. ಇನ್ನೂ. ನೀವು ಅಷ್ಟು ನಡುಸೀಮೆಯವರ ಥರ ಕಾಣ್ತಿಲ್ಲ.

ಮಾಡಿದ್ದುಣ್ಣೋ ಮಹಾರಾಯ ಎನ್ನುವ ಮಾತನ್ನು ಆಕೆ ಆಡಲಿಲ್ಲ. ಆಡುವ ಅಗತ್ಯವಿರಲಿಲ್ಲ, ಕನ್ನಡಿ ಎದುರಿಗೇ ಇತ್ತು. ಆದರೆ ಮನುಷ್ಯನ ಮೋಹ ನೋಡಿ. ಸ್ವಲ್ಪ ಹೊತ್ತು ಸಿಡಿಮಿಡಿಗೊಂಡ ಯಜಮಾನರು, ದೇಶದ ಗೋಡೆಗಳನ್ನೆಲ್ಲ ನೆನೆಸಿಕೊಂಡು, ಪೇಪರು ಯಾವ ಕೈಯಲ್ಲಿದ್ದರೆ ಚೆಂದ ಎಂದು ತಾವೇ ಕೇಳತೊಡಗಿದರು.

ಮಾರನೆಯ ಸಂಜೆ ಇಬ್ಬರೂ ಒಟ್ಟಿಗೇ ಅಂಗಡಿಗೆ ಬಂದರು. ಯಜಮಾನರು ಮುಂದೆ, ದಿಂಬು ಕಂಕುಳಲ್ಲಿ. ಮುಖ ಹುಳಿ ತಿಂದ ಹಾಗಿತ್ತು. ಹಿಂದಿನಿಂದ ಬಂದ ಗುಮಾಸ್ತ ಎರಡು ಛತ್ರಿಗಳನ್ನು ಮೇಜಿನ ಮೇಲಿಟ್ಟು, ಬಾಗಿ ಯಜಮಾನರ ಹೆಂಡತಿಯ ಕಾಲು ಮುಟ್ಟಲು ಹೋದ.

ಹೆಂಡತಿ: ಸಹಿ ಹಾಕಿದ್ರಾ?

ಗುಮಾಸ್ತ: ಹಾಕಿದ್ರು ಅಕ್ಕಾ. ನಾಳೆ ರೈಲು.

ಆಕೆಗೆ ಕಣ್ಣು ತುಂಬಿ ಬಂತು. ಅದನ್ನು ಮರೆಮಾಚಲು, ಮತ್ತೆ ಇವರ್ಯಾಕೆ ಹೀಗಿದ್ದಾರೆ ಎಂದು ಗಂಡನ ಕಡೆ ಗದ್ದ ಎತ್ತಿದರು. ಗುಮಾಸ್ತ ನೆಲ ನೋಡುತ್ತಾ ನಡೆದದ್ದನ್ನು ಹೇಳಿದ. ಸಾಹೇಬರು ಸಾಲು ನೋಡುತ್ತ ಬಂದರು. ಯಜಮಾನರ ಮುಂದೆ ನಿಂತರು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದರು. ಇಂಥ ಪ್ರಾಣಿಯನ್ನು ಅವರು ಹಿಂದೆಂದೂ ಕಂಡಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಕೊನೆಗೆ ಪಕ್ಕದವರಿಗೆ, ‘ಬೆಟ್ಟದ ಸೀಮೆಯವರು ಇವರೇನೋ? ಪಾಪ, ಇಲ್ಲಿ ಎಷ್ಟು ಕಷ್ಟಪಡ್ತಿದ್ದಾರೋ. ಬೆಟ್ಟದವರ ಅರ್ಜಿ ಕೊಡಿ’ ಎಂದು ಅಲ್ಲೇ ಸಹಿ ಹಾಕಿದರು. ಬೂದು ಕೋಟಿನ ಗುಮಾಸ್ತನ ಬೆನ್ನು ತಟ್ಟಿ, ನಡುಸೀಮೆಯ ಮಾನ ಉಳಿಸಿದೆ ನೀನು ಎಂದು ಮುಂದೆ ಹೋದರು. ಫೋಟೋದ ಕೆಳಗೂ ಯಜಮಾನರು ಬೆಟ್ಟದವರು, ಗುಮಾಸ್ತ ನಡುಸೀಮೆಯವನು ಎಂದೇ ಬರೆಸಿದರು.

ಗುಮಾಸ್ತ: ಕ್ಷಮಿಸಿ ಸ್ವಾಮಿ. ಊರಿಗೆ ಹೋದ ಮೇಲೆ ನಮ್ಮ ಮಾವನಿಗೆ ನಾನೇ ವಿವರಿಸಿ ಹೇಳ್ತೀನಿ. ಫೋಟೋದಲ್ಲಿರೋ ಈ ಬೆಟ್ಟದವರು ಯಾರು, ಯಾರ ಮನೆಯವರು ಅಂತ ಅಲ್ಲಿ ಎಲ್ಲರೂ ಕೇಳ್ತಾರೆ.

ಅವನು ಹೋದ ಮೇಲೆ ಯಜಮಾನರು ವೇಷ ಕಳಚತೊಡಗಿದರು. ದಿಂಬು, ಪೆನ್ನು, ರಟ್ಟಿನ ಕನ್ನಡಕ ಒಂದೊಂದಾಗಿ ಆರನೆಯ ಟ್ರಂಕಿಗೆ ಹೋದವು.

ಯಜಮಾನ: ನಾನು ಅಲ್ಲೇ ಹೇಳಿದೆ. ಸ್ವಾಮಿ, ನಾನು ನಡುಸೀಮೆಯವನು, ಇದೇ ಊರವನು, ನಮ್ಮಜ್ಜನ ಕಾಲದಿಂದ ಅಂತ. ಅದಕ್ಕೆ ಆತ, ಎಷ್ಟು ಚೆನ್ನಾಗಿ ನಮ್ಮ ಮಾತು ಕಲಿತಿದ್ದೀರಿ ಅಂದ.

ಹೆಂಡತಿ: ಅಯ್ಯೋ.

ಯಜಮಾನ: ಛತ್ರಿ ಕಣ್ಣಿಗೆ ಬೀಳಲಿಲ್ಲ, ಪೇಪರು ಕಣ್ಣಿಗೆ ಬೀಳಲಿಲ್ಲ. ಎದುರಿಗೆ ನಿಂತ ಮನುಷ್ಯ ಎಲ್ಲಿಯವನು ಅಂತ ಗೊತ್ತಾಗದ ಮೇಲೆ ಅವನು ಎಂಥ ಸಾಹೇಬ? ಯಾವ ಮೂಲೆ ಸೀಮೆಯಿಂದ ಬಂದಿದ್ದಾನೋ.

ಹೆಂಡತಿ: ಎಲ್ಲಿಂದಲೂ ಬಂದಿಲ್ಲ. ನಮ್ಮ ಬೀದಿಯವರೇ, ಹಾಲಿನಂಗಡಿ ಹಿಂದಿನ ಮನೆ. ಹುಟ್ಟಿದ್ದೂ ಅಲ್ಲೇ. ದಿನಾ ಬೆಳಿಗ್ಗೆ ಕಂಕುಳಲ್ಲಿ ಛತ್ರಿ, ಕೈಯಲ್ಲಿ ಪೇಪರು, ಹಣೆ ಮೇಲೆ ಕನ್ನಡಕ ಇಟ್ಕೊಂಡು ನಮ್ಮ ಅಂಗಡಿ ಮುಂದೇ ಹೋಗ್ತಾರೆ. ನಾನು ಅವರನ್ನ ನೋಡೇ ಟ್ರಂಕು ತುಂಬಿದ್ದು.

ಯಜಮಾನರು ಟ್ರಂಕಿನ ಮುಚ್ಚಳ ಹಾಕಿ, ಅದರ ಮೇಲೇ ಕುಸಿದು ಕೂತರು. ಕೊನೆಗೆ ಅಭ್ಯಾಸಬಲ ಗೆದ್ದಿತು.

ಯಜಮಾನ: ನಡುಸೀಮೆಯವರೇ ಹೀಗೆ.